50 ಮೀಟರ್ ಟಾರ್ಗೆಟ್ ರೈಫಲ್‌ಗೆ ಕಸ್ಟಮ್ ಆ್ಯಕ್ಷನ್ ಹಾಕಿಸುವುದಾದರೆ ಯಾವುದು? (ಬಳ್ಳಾರಿ)

ಕೋಟೆಗುಡ್ಡ, ಬಳ್ಳಾರಿ
ಎಲ್ಲರಿಗೂ ನಮಸ್ಕಾರ. ಕ್ಲಬ್ಬಿನ .22 ರೈಫಲ್ ಒಂದರ ಬ್ಯಾರೆಲ್ ಸವೆದಿದೆ, ಬೋಲ್ಟ್ ಕೂಡ ಸಡಿಲ. ಸ್ಟಾಕ್ ಅಲ್ಯೂಮಿನಿಯಂನದ್ದು, ಚೆನ್ನಾಗಿದೆ. ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಡಯಾಪ್ಟರ್ ಸೈಟೂ ಇದೆ. ಬಳಕೆ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವುದು) ಮತ್ತು ಥ್ರೀ ಪೊಸಿಷನ್‌ಗೆ (ಮಂಡಿಯೂರಿ, ಮಲಗಿ, ನಿಂತು) ಮಾತ್ರ. ಮೂರು ದಾರಿ ಕಾಣ್ತಿವೆ: ಹಳೆಯ ಆನ್‌ಶುಟ್ಸ್ 54 ಆ್ಯಕ್ಷನ್ (ಬೋಲ್ಟ್ ಮತ್ತು ಅದು ಕೂರುವ ರಿಸೀವರ್) ಬ್ಯಾರೆಲ್ ಸಮೇತ ಕೊಳ್ಳುವುದು, ಕಾರ್ಖಾನೆಯ ಹೊಸ ರೈಫಲನ್ನೇ ತರಿಸುವುದು, ಇಲ್ಲ ರೆಮಿಂಗ್ಟನ್ 700 ನಮೂನೆಯ ರಿಮ್‌ಫೈರ್ (ತೋಟಾದ ಅಂಚಿಗೆ ಪಿನ್ನು ಬಡಿಯುವ ಬಗೆ) ಕಸ್ಟಮ್ ಆ್ಯಕ್ಷನ್‌ಗೆ ಒಳ್ಳೆ ಬ್ಯಾರೆಲ್ ಹಾಕಿಸುವುದು. ಮೂರನೆಯದರ ಕಡೆ ಮನಸ್ಸು ಎಳೀತಿದೆ. ತಿಳಿದವರು ಹೇಳಿ.

ಐವತ್ತು_ಮೀಟರ್
ಸರ್, ಆ್ಯಕ್ಷನ್ ವಿಚಾರ ಆಮೇಲೆ. ನಿಮ್ಮ ಸ್ಟಾಕ್ ಯಾವ ಆ್ಯಕ್ಷನ್‌ಗೆ ಕೊರೆದದ್ದು ಅಂತ ಮೊದಲು ನೋಡಿ. ಆನ್‌ಶುಟ್ಸ್ 54ರ ತಳದ ಆಕಾರ, ತಿರುಪಿನ ಅಂತರ, ಟ್ರಿಗರ್ ಇಳಿಯುವ ಜಾಗ ಒಂದು ಬಗೆ. 700 ನಮೂನೆಯದು ಗುಂಡನೆಯ ತಳ, ಮುಂದುಗಡೆ ಒದೆತ ತಡೆಯುವ ರಿಕಾಯಿಲ್ ಲಗ್, ತಿರುಪುಗಳ ಅಂತರವೂ ಬೇರೆ. ಒಂದರ ಸ್ಟಾಕಿನಲ್ಲಿ ಇನ್ನೊಂದು ಕೂರುವುದಿಲ್ಲ. ಮೂರನೇ ದಾರಿ ಹಿಡಿದರೆ ಸ್ಟಾಕ್ ಕೂಡ ಹೊಸದು ಬೇಕು. ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಸೈಟ್ ಕೂರಿಸುವುದು ಎರಡನೇ ತೊಡಕು. ನಿಮ್ಮ ಡಯಾಪ್ಟರ್ 11 ಮಿ.ಮೀ. ಡವ್‌ಟೇಲ್‌ಗೆ ಮಾಡಿದ್ದು. 700 ನಮೂನೆಯ ರಿಮ್‌ಫೈರ್ ಆ್ಯಕ್ಷನ್‌ಗಳಲ್ಲಿ ಸಾಮಾನ್ಯವಾಗಿ ಪಿಕಾಟಿನಿ ರೈಲ್ ಬರುತ್ತದೆ, ಅದೂ ಬಹುತೇಕ 20 ಎಂಒಎ ಇಳಿಜಾರಿನದ್ದು (ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು). 50 ಮೀಟರಿಗೆ 1 ಎಂಒಎ ಅಂದರೆ 14.5 ಮಿ.ಮೀ.; 20 ಎಂಒಎ ಅಂದರೆ ಸುಮಾರು 29 ಸೆಂ.ಮೀ. ದೂರದ ಗುರಿಗೆ ದೂರದರ್ಶಕ ಹಾಕುವವರಿಗೆ ಅದು ವರ. ನಮಗೆ ಆ ಇಳಿಜಾರು ಬೇಡ; ಡಯಾಪ್ಟರ್‌ಗೆ ಅಡಾಪ್ಟರ್ ಹಾಕಿದರೆ ಸೈಟಿನ ಎತ್ತರ ಏರಿ ಕೆನ್ನೆಯ ಪಟ್ಟಿಯನ್ನೂ ಏರಿಸಬೇಕಾಗುತ್ತದೆ.

ರಾಯಚೂರು_ಬಿಸಿಲು
ಐವತ್ತು ಮೀಟರ್ ಅಣ್ಣ ಹೇಳಿದ್ದು ಖರೇ ಅದ, ಆದರ 700 ನಮೂನೆ ಅಷ್ಟು ಸುಲಭಕ್ಕ ಬಿಡೋದಲ್ಲ. ವೂಡೂ, ರಿಮ್‌ಎಕ್ಸ್ ಥರದ ಆ್ಯಕ್ಷನ್‌ಗಳಿಗೆ ಬ್ಯಾರೆಲ್ ಥ್ರೆಡ್ ಮೂಲಕ ಕೂಡ್ತದ. ಸವೆದರ ಬಿಚ್ಚಿ ಇನ್ನೊಂದು ಹಾಕಬಹುದು. 54ರಾಗ ಬ್ಯಾರೆಲ್ಲು ಜಾರಿ ಒಳಗ ಕೂಡ್ತದ, ಅಡ್ಡ ಪಿನ್ನು ಹೊಡೆದು ಹಿಡಿದಿರ್ತಾರ. ಆ ಪಿನ್ನು ಸರಿಯಾಗಿ ತೆಗೆದು ಕೂಡಿಸೋರು ಸಿಗೋದು ಕಷ್ಟ. ಟ್ರಿಗರ್ ಕೂಡ 700ಕ್ಕ ಎಷ್ಟೋ ನಮೂನಿ ಸಿಗ್ತಾವ: ಜ್ಯುವೆಲ್, ಟ್ರಿಗರ್‌ಟೆಕ್, ಎರಡು ಹಂತದ ಬಿಕ್ಸ್ ಆ್ಯಂಡಿ. ಮೆಕ್ಯಾನಿಕಲ್ಲಾಗಿ ನೋಡಿದ್ರ ಅದು ಒಳ್ಳೆ ಆಯ್ಕೆ.

ಲೇತ್_ಮನೆ, ತೋರಣಗಲ್ಲು
ಥ್ರೆಡ್ ಬ್ಯಾರೆಲ್ ಸುಲಭ ಅನ್ನುವ ಮಾತಿಗೆ ಒಂದು ತಿದ್ದುಪಡಿ. ತೋಟಾದ ನಡುವಿಗೆ ಪಿನ್ನು ಬಡಿಯುವ ಸೆಂಟರ್‌ಫೈರ್‌ನಲ್ಲಿ ಸುಲಭ, ರಿಮ್‌ಫೈರ್‌ನಲ್ಲಿ ಅಷ್ಟಲ್ಲ.

.22ರಲ್ಲಿ ಹೆಡ್‌ಸ್ಪೇಸ್ ಅಂದರೆ ಬೋಲ್ಟ್ ಮುಖ ಮತ್ತು ಬ್ಯಾರೆಲ್ಲಿನ ಹಿಂಬಾಯಿಯ ನಡುವೆ ತೋಟಾದ ಅಂಚು ಕೂರುವ ಜಾಗ. ಬೋಲ್ಟ್ ಮುಚ್ಚಲೇಬೇಕಾದ ಗೋ ಗೇಜ್ 1.09 ಮಿ.ಮೀ. (0.043 ಇಂಚು), ಮುಚ್ಚಬಾರದ ನೋ ಗೋ ಗೇಜ್ ಸುಮಾರು 1.17 ಮಿ.ಮೀ. ನಡುವಿನ ವ್ಯತ್ಯಾಸ 0.08 ಮಿ.ಮೀ. ಮಾತ್ರ. ಜಾಗ ಜಾಸ್ತಿ ಆದರೆ ಫೈರಿಂಗ್ ಪಿನ್ನು ಬಡಿದಾಗ ತೋಟಾ ಮುಂದಕ್ಕೆ ಸರಿದು ಪೆಟ್ಟಿನ ಬಲ ಅದರಲ್ಲೇ ಕಳೆದುಹೋಗುತ್ತದೆ. ಜಾಗ ಕಡಿಮೆಯಾದರೆ ಬೋಲ್ಟ್ ಮುಚ್ಚುವಾಗಲೇ ಅಂಚು ಹಿಸುಕುತ್ತದೆ. ಅಂಚಿನೊಳಗೇ ಸಿಡಿಮದ್ದು ಇರುವುದರಿಂದ ಇದು ಗುಂಡಿನ ವೇಗಕ್ಕೂ ಸುರಕ್ಷತೆಗೂ ಸಂಬಂಧಪಟ್ಟ ಅಳತೆ.

ಇನ್ನೊಂದು, ಖಾಲಿ ತೋಟಾ ಎಳೆಯುವ ಎಕ್ಸ್‌ಟ್ರ್ಯಾಕ್ಟರ್ ಉಗುರು ಹೋಗಲು ಬ್ಯಾರೆಲ್ಲಿನ ಹಿಂಬಾಯಲ್ಲಿ ಸೀಳು ಬೇಕು. ಥ್ರೆಡ್ ಬಿಗಿಯಾಗಿ ನಿಂತಾಗ ಆ ಸೀಳು ಉಗುರಿನ ನೇರಕ್ಕೇ ಬರಬೇಕು. ಕೆಲವು ಕಸ್ಟಮ್ ಆ್ಯಕ್ಷನ್‌ಗಳಲ್ಲಿ ಬಾಯನ್ನು ಶಂಕುವಿನಾಕಾರಕ್ಕೆ ಕೊರೆದು ಈ ತೊಂದರೆ ತಪ್ಪಿಸಿದ್ದಾರೆ. ಹಾಗಿಲ್ಲದ್ದಾದರೆ ಬ್ಯಾರೆಲ್ ಬದಲಾಯಿಸುವ ಕೆಲಸ ಲೈಸೆನ್ಸ್ ಇರುವ ಗನ್‌ಸ್ಮಿತ್‌ನ ಲೇತಿಗೇ ಹೋಗಬೇಕು. ಕೊಳ್ಳುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಬ್ರೀಚ್ (ಆ ಹಿಂಬಾಯಿ) ಶಂಕುವೋ, ಸೀಳೋ?

ಐವತ್ತು_ಮೀಟರ್
ಲೇತ್ ಮನೆಯವರು ಪೆಟ್ಟಿನ ಮಾತೆತ್ತಿದ್ದು ಒಳ್ಳೇದಾಯಿತು. ಆ್ಯಕ್ಷನ್‌ನ ಬೆಲೆ ತೀರ್ಮಾನವಾಗುವುದೇ ಅಲ್ಲಿ. ಲೆಕ್ಕ ಹಾಕಿ ನೋಡೋಣ.

ಮ್ಯಾಚ್ ತೋಟಾದ ಗುಂಡು ಸೆಕೆಂಡಿಗೆ ಸುಮಾರು 320ರಿಂದ 330 ಮೀಟರ್ ವೇಗದಲ್ಲಿ ಹೊರಡುತ್ತದೆ. 50 ಮೀಟರ್ ಮುಟ್ಟಲು ಸುಮಾರು 0.16 ಸೆಕೆಂಡ್. ಅಷ್ಟರಲ್ಲಿ ಗುರುತ್ವದಿಂದ ಸುಮಾರು 125 ಮಿ.ಮೀ. ಇಳಿಯುತ್ತದೆ. ವೇಗ ಸೆಕೆಂಡಿಗೆ 10 ಮೀಟರ್ ಏರುಪೇರಾದರೆ, ಅಂದರೆ ಶೇ. 3ರಷ್ಟು, ಇಳಿತದಲ್ಲಿ ಶೇ. 6ರಷ್ಟು ವ್ಯತ್ಯಾಸ, 7ರಿಂದ 8 ಮಿ.ಮೀ. ಮೇಲೆ ಕೆಳಗೆ. ಬ್ಯಾರೆಲ್ಲಿನ ಕಂಪನ ಇದರಲ್ಲಿ ಸ್ವಲ್ಪ ಪಾಲನ್ನು ಸರಿದೂಗಿಸಬಹುದು, ಆದರೆ ಅದನ್ನು ನಂಬಿ ಕೂರುವಂತಿಲ್ಲ.

ಈಗ ಗುರಿಯ ಕಡೆ ನೋಡಿ. ಹತ್ತರ ವೃತ್ತ 10.4 ಮಿ.ಮೀ., ಗುಂಡಿನ ವ್ಯಾಸ 5.6. ಗುಂಡಿನ ಅಂಚು ಗೆರೆ ತಾಗಿದರೂ ಹತ್ತು, ಆದ್ದರಿಂದ ಗುಂಡಿನ ಕೇಂದ್ರ ಗುರಿಯ ಕೇಂದ್ರದಿಂದ 8 ಮಿ.ಮೀ. ಒಳಗಿದ್ದರೆ 10.0 ಸಿಗುತ್ತದೆ. ಪ್ರತಿ 0.8 ಮಿ.ಮೀ.ಗೆ 0.1 ಅಂಕ. ಅಂದರೆ ಪಿನ್ನಿನ ಪೆಟ್ಟು ಏರುಪೇರಾದ ಕಾರಣಕ್ಕೇ ನಡುವಿನ ಗುಂಡು ಹತ್ತರ ಅಂಚಿಗೆ ಹೋಗಿ ನಿಲ್ಲಬಹುದು. 60 ಗುಂಡಿನ ಸುತ್ತಿನಲ್ಲಿ ಇದು ಎಷ್ಟು ಅಂಕ ತಿನ್ನುತ್ತದೆ ಅಂತ ಯೋಚಿಸಿ.

ಹಾಗಾಗಿ ಮೊದಲು ಪಿನ್ನು, ಸ್ಪ್ರಿಂಗು, ಚೇಂಬರ್ (ತೋಟಾ ಕೂರುವ ಗೂಡು). ಆಮೇಲೆ ಬ್ಯಾರೆಲ್. ಬೋಲ್ಟಿನ ಮೇಲಿನ ಕೆತ್ತನೆ, ಬಣ್ಣ, ಹಿಡಿಕೆಯ ಚೆಂದ ಎಲ್ಲ ಕೊನೆಗೆ.

ತುಂಗಭದ್ರಾ_ಕಾಲುವೆ, ಕೊಪ್ಪಳ
ಒಂದು ಸಂಶಯ ಐತ್ರಿ. 54ರಲ್ಲಿ ಬೋಲ್ಟ್ ಲಾಕ್ ಆಗೋದು ಹಿಂದಿನ ತುದಿಗೆ. ದೊಡ್ಡ ಟಾರ್ಗೆಟ್ ರೈಫಲ್‌ಗಳಲ್ಲಿ ಲಗ್ (ಬೋಲ್ಟ್ ಲಾಕ್ ಮಾಡೋ ಹಲ್ಲು) ಮುಂದಿರ್ತಾವು, ಮೂರು ಲಗ್ಗಿನ ಬಾರ್ನಾರ್ಡ್, ನಾಲ್ಕು ಲಗ್ಗಿನ ಆರ್‌ಪಿಎ ಅಂತ ಹೆಸರು ಕೇಳೀವಿ. ಹಿಂದೆ ಲಾಕ್ ಆಗೋದು ಕಡಿಮೆ ದರ್ಜೆ ಅಲ್ಲೇನ್ರಿ?

ಲೇತ್_ಮನೆ, ತೋರಣಗಲ್ಲು
ಅಲ್ಲ. ಒತ್ತಡದ ಲೆಕ್ಕ ನೋಡ್ರಿ. .22 ಲಾಂಗ್ ರೈಫಲ್‌ನ ಗರಿಷ್ಠ ಒತ್ತಡ 24,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). .308 ವಿಂಚೆಸ್ಟರ್‌ದು 62,000. ಅಷ್ಟು ಒತ್ತಡ ಬಿದ್ದಾಗ ಲಗ್ ಹಿಂದಿದ್ದರೆ ಇಡೀ ಬೋಲ್ಟ್ ಮತ್ತು ರಿಸೀವರ್ ಕೂದಲೆಳೆಯಷ್ಟು ಹಿಗ್ಗಿ ಕುಗ್ಗುತ್ತವೆ, ಅದಕ್ಕೇ ಲಗ್ ಚೇಂಬರಿನ ಹತ್ತಿರ ಇಡುತ್ತಾರೆ. ಲಗ್ಗುಗಳೆಲ್ಲ ಸಮನಾಗಿ ಭಾರ ಹೊರುತ್ತವೆಯೇ ಅನ್ನುವುದೂ ಅಲ್ಲಿ ದೊಡ್ಡ ವಿಷಯ. ಮೂರರಲ್ಲಿ ಎರಡೇ ತಾಗಿದರೆ ಬೋಲ್ಟ್ ಒಂದು ಕಡೆ ವಾಲುತ್ತದೆ.

.22ರಲ್ಲಿ ತೋಟಾದ ಅಡಿ ಚಿಕ್ಕದು, ಒತ್ತಡವೂ ಕಡಿಮೆ. ಹಿಂದಿನ ಲಾಕ್ ಸಾಕು. ಜೊತೆಗೆ ಮುಂಭಾಗದಲ್ಲಿ ಲಗ್ ತಿರುಗುವ ಜಾಗ ಬೇಡವಾದ್ದರಿಂದ ತೋಟಾ ನೇರವಾಗಿ ಚೇಂಬರಿಗೆ ಜಾರುತ್ತದೆ, ಸೀಸದ ಮೂತಿಗೆ ಗೀರು ಬೀಳುವುದಿಲ್ಲ. ಸೀಸ ಎಷ್ಟು ಮೆತ್ತಗೆ ಅಂದರೆ ಉಗುರಿನಲ್ಲಿ ಗೀರಬಹುದು. ಅದರ ಮೇಲಿನ ಮೇಣಕ್ಕೆ ಪೆಟ್ಟಾದರೂ ಆ ಗುಂಡು ಬೇರೆ ಕಡೆ ಹೋಗುತ್ತದೆ.

ಎರಡು ಲಗ್ಗಿಗೆ ಹಿಡಿಕೆ 90 ಡಿಗ್ರಿ ಎತ್ತಬೇಕು, ಮೂರು ಲಗ್ಗಿಗೆ 60. ಎತ್ತುವ ಕೋನ ಕಡಿಮೆ ಆದಷ್ಟೂ ಸ್ಪ್ರಿಂಗ್ ಒತ್ತಲು ಕೈ ಹೆಚ್ಚು ಬಲ ಹಾಕಬೇಕು. ಪ್ರೋನ್‌ನಲ್ಲಿ ಸ್ಲಿಂಗ್ ಕಟ್ಟಿಕೊಂಡು ಮಲಗಿದವರಿಗೆ ಬಿಗಿ ಹಿಡಿಕೆ ರೈಫಲನ್ನೇ ಅಲ್ಲಾಡಿಸಿಬಿಡುತ್ತದೆ.

ಡಯಾಪ್ಟರ್, ಸಿರುಗುಪ್ಪ
ಕೋಟೆಗುಡ್ಡ ಸರ್, ಕ್ಲಬ್ಬಿನ ಮಕ್ಕಳು ಪ್ರೋನ್‌ನಲ್ಲಿ ತೋಟಾ ಹಾಕುವುದನ್ನು ಪಕ್ಕದಿಂದ ನೋಡಿ. ಪೋರ್ಟ್ (ತೋಟಾ ಹಾಕುವ ಬಾಯಿ) ದೂರ ಇದ್ದರೆ ಪ್ರತಿ ಸಲ ಮೊಣಕೈ ಎದ್ದು ಕೂರುತ್ತದೆ, ಪೊಸಿಷನ್ ಕೆಡುತ್ತದೆ. ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) 50 ಮೀಟರ್‌ನಲ್ಲಿ ಒಂದೊಂದೇ ತೋಟಾ ಕೈಯಿಂದ ಹಾಕುವುದು, ಮ್ಯಾಗಜಿನ್ ಕೆಲಸಕ್ಕೆ ಬರಲ್ಲ. 700 ನಮೂನೆಯ ರಿಮ್‌ಫೈರ್‌ಗಳು ಮ್ಯಾಗಜಿನ್‌ಗೆ ಮಾಡಿದವು. ಕೈಯಿಂದ ಹಾಕಬೇಕಾದರೆ ತೋಟಾ ಜಾರಲು ಕೆಳಗೆ ತಟ್ಟೆ ಬೇಕು. ಟಾರ್ಗೆಟ್ ಆ್ಯಕ್ಷನ್‌ನಲ್ಲಿ ಆ ಜಾರುಹಾದಿ ಹುಟ್ಟಿನಿಂದಲೇ ಇರುತ್ತದೆ. ಆನ್‌ಶುಟ್ಸ್ 54.30ರಲ್ಲಿ ಬೋಲ್ಟ್ ಎಳೆಯುವ ದೂರವನ್ನೂ ಕಡಿಮೆ ಮಾಡಿದ್ದಾರೆ. ಎಡಗೈ ಶೂಟರ್ ಇದ್ದರೆ ಎಡಗೈ ಆ್ಯಕ್ಷನ್ನೇ ತೆಗೆದುಕೊಳ್ಳಿ, ರಾಜಿ ಬೇಡ.

ತೂಕ ಕೂಡ ನೋಡಿಕೊಳ್ಳಿ. 50 ಮೀಟರ್ ರೈಫಲ್ ಎಲ್ಲ ಸೇರಿ 8 ಕಿಲೋ ಮೀರಬಾರದು. ಸ್ಟೀಲಿನ ಕಸ್ಟಮ್ ಆ್ಯಕ್ಷನ್, ದಪ್ಪ ಬ್ಯಾರೆಲ್, ಅಲ್ಯೂಮಿನಿಯಂ ಸ್ಟಾಕ್, ಹುಕ್ಕು, ತೂಕದ ಬಿಲ್ಲೆ ಎಲ್ಲ ಸೇರಿಸಿದರೆ ಬೇಗ ಆ ಗಡಿಗೆ ಬಂದುಬಿಡುತ್ತೀರಿ.

ರಾಯಚೂರು_ಬಿಸಿಲು
ಕೈಯಿಂದ ಲೋಡ್ ಮಾಡೋ ಮಾತು ಒಪ್ಪಿದೆ. ಐಎಸ್‌ಎಸ್‌ಎಫ್ ಆಟಕ್ಕ ಅಂದ್ರ 700 ನಮೂನೆಯ ಅರ್ಧ ಲಾಭ ಉಪಯೋಗಕ್ಕ ಬರೋದಿಲ್ಲ. ಆದರ ನಮ್ಮ ಕಡೆ ಧೂಳಿನ ಬಗ್ಗೆ ಯಾರೂ ಮಾತಾಡ್ಲಿಲ್ಲ. ನಮ್ಮಲ್ಲಿ ಶಕ್ತಿನಗರದ ಬೂದಿ, ನಿಮ್ಮಲ್ಲಿ ಸಂಡೂರಿನ ಅದಿರಿನ ಕೆಂಪು ಧೂಳು. ಬಿಗಿಯಾಗಿ ಕೂಡೋ ಬೋಲ್ಟಿಗೆ ಇದು ಏನು ಮಾಡ್ತದ?

ಲೇತ್_ಮನೆ, ತೋರಣಗಲ್ಲು
ಒಳ್ಳೆ ಪ್ರಶ್ನೆ. ಕಬ್ಬಿಣದ ಅದಿರಿನ ಧೂಳು ಗ್ರೀಸಿಗೆ ಸೇರಿದರೆ ಪಾಲಿಶ್ ಪೇಸ್ಟಿನಂತೆ ಕೆಲಸ ಮಾಡುತ್ತದೆ, ಲಗ್ಗಿನ ಮುಖ ತೇಯುತ್ತದೆ. ಅಂಗೈಯಲ್ಲಿ ಉಜ್ಜಿದರೆ ನವಿರು, ಬೆಳಕಿಗೆ ಹಿಡಿದರೆ ಮಿಂಚು. ಆ ಮಿಂಚೇ ಉಕ್ಕನ್ನು ಗೀರುವ ಹೆಮಟೈಟ್. ಬೋಲ್ಟ್ ಮತ್ತು ರಿಸೀವರ್ ಕೊಳವೆಯ ನಡುವೆ, ಮೇಜಿನ ಮೇಲಿಟ್ಟು ಹೊಡೆಯುವ ಬೆಂಚ್‌ರೆಸ್ಟ್ ಆ್ಯಕ್ಷನ್‌ಗಳಲ್ಲಿ ಇಡುವಷ್ಟು ಕಡಿಮೆ ಸಂದು ನಮ್ಮ ಬಯಲಿಗೆ ಹೊಂದಲ್ಲ. ಎಳೆಯುವಾಗ ಸ್ವಲ್ಪ ಆಟ ಇರಲಿ, ಲಾಕ್ ಆದಾಗ ಮಾತ್ರ ಒಂದಿಷ್ಟೂ ಅಲುಗಬಾರದು. ಪರೀಕ್ಷೆ ಸುಲಭ: ರೈಫಲ್ ಖಾಲಿ ಅಂತ ಕಣ್ಣಿಂದ, ಬೆರಳಿಂದ ಎರಡೂ ಖಚಿತ ಮಾಡಿಕೊಂಡು ಬೋಲ್ಟ್ ಮುಚ್ಚಿ, ಹಿಡಿಕೆ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಬಿಗಿದಂತೆ ಅನಿಸಬೇಕು.

ಬೋಲ್ಟಿನ ಮೇಲೆ ಸುರುಳಿ ತೋಡು ಇದ್ದರೆ ಧೂಳು ಅಲ್ಲಿ ಸೇರಿ ಕೊಳವೆಗೆ ತಾಗದೆ ಉಳಿಯುತ್ತದೆ, ಆದರೆ ಪ್ರತಿ ದಿನ ಒರೆಸಬೇಕು. ಲಗ್ಗಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಸಾಕು. ಪಿನ್ನು, ಸ್ಪ್ರಿಂಗಿನ ಒಳಗೆ ಗ್ರೀಸ್ ಬೇಡವೇ ಬೇಡ. ತೆಳು ಎಣ್ಣೆ ಒರೆಸಿ, ಹೆಚ್ಚಾದದ್ದು ಬಟ್ಟೆಯಿಂದ ತೆಗೆಯಿರಿ. ಪಿನ್ನಿನ ದಾರಿಯಲ್ಲಿ ಎಣ್ಣೆಗೆ ಧೂಳು ಕೂಡಿ ಗಟ್ಟಿಯಾದರೆ ಪೆಟ್ಟು ನಿಧಾನ, ಮೇಲೆ ಕೆಳಗೆ ಗ್ರೂಪ್ (ಗುರಿಯ ಮೇಲೆ ಗುಂಡು ಬಿದ್ದ ಗುಂಪು) ಹರಡುವುದು ಅದರಿಂದಲೇ.

ಕೋಟೆಗುಡ್ಡ, ಬಳ್ಳಾರಿ
ಎಲ್ಲರಿಗೂ ಧನ್ಯವಾದ. ಸ್ಟಾಕ್ ನೋಡಿದೆ, 54ಕ್ಕೇ ಕೊರೆದದ್ದು. ಹಾಗಾದರೆ ಮೂರನೇ ದಾರಿ ಬಿಟ್ಟೆ. ಬಳಸಿದ 54 ಬ್ಯಾರೆಲ್ ಸಮೇತ ಒಂದು ನೋಡಲು ಸಿಗುತ್ತಿದೆ. ಏನೇನು ಪರೀಕ್ಷಿಸಬೇಕು?

ಐವತ್ತು_ಮೀಟರ್
ಬೋಲ್ಟಿನ ಮೇಲಿನ ಸಂಖ್ಯೆ ರಿಸೀವರಿನದಕ್ಕೆ ಹೊಂದುತ್ತದೆಯೇ ನೋಡಿ. ಬೇರೆ ಬೋಲ್ಟ್ ಹಾಕಿದ್ದರೆ ಹೆಡ್‌ಸ್ಪೇಸ್ ಅಳೆಸದೆ ಮುಟ್ಟಬೇಡಿ.

ಚೇಂಬರಿನ ಬಾಯಿ, ಪಿನ್ನು ಬಡಿಯುವ ಜಾಗಕ್ಕೆ ದೀಪ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಖಾಲಿ ಹೊಡೆದು ಹೊಡೆದು ಪಿನ್ನು ಅಂಚಿಗೆ ತಾಗಿದ್ದರೆ ಅಲ್ಲಿ ಸಣ್ಣ ತಗ್ಗು, ಅದರ ಪಕ್ಕ ಉಬ್ಬು ಕಾಣುತ್ತದೆ. ಉಬ್ಬಿದ್ದರೆ ಖಾಲಿ ತೋಟಾದ ಗೋಡೆಯ ಮೇಲೆ ಅದೇ ಜಾಗದಲ್ಲಿ ಉದ್ದಕ್ಕೆ ಗೀರು ಬರುತ್ತದೆ. ನಾಲ್ಕೈದು ಖಾಲಿ ತೋಟಾ ಹೆಕ್ಕಿ ಸಾಲಾಗಿ ಇಟ್ಟರೆ ಕತೆ ಗೊತ್ತಾಗುತ್ತದೆ: ಗೀರು ಎಲ್ಲದರಲ್ಲೂ ಒಂದೇ ಕಡೆ, ಪಿನ್ನಿನ ಗುರುತು ಎಲ್ಲದರಲ್ಲೂ ಒಂದೇ ಆಳವೇ? ಗುರುತು ಒಂದರಲ್ಲಿ ಆಳ, ಒಂದರಲ್ಲಿ ತೇಲಿದ್ದರೆ ಸ್ಪ್ರಿಂಗ್ ದಣಿದಿದೆ, ಇಲ್ಲ ಪಿನ್ನಿನ ದಾರಿ ಕೊಳೆಯಾಗಿದೆ. ಹೊಸ ಸ್ಪ್ರಿಂಗ್ ಪಕ್ಕದಲ್ಲಿಟ್ಟು ಉದ್ದ ಹೋಲಿಸಿ. ಹೆಚ್ಚು ಬಲದ ಸ್ಪ್ರಿಂಗ್ ಹಾಕಿ ಸರಿಮಾಡಲು ಹೋಗಬೇಡಿ, ಪೆಟ್ಟಿನ ಅದುರು ಜಾಸ್ತಿಯಾಗುತ್ತದೆ.

ಎಕ್ಸ್‌ಟ್ರ್ಯಾಕ್ಟರ್ ಉಗುರುಗಳು ಸಮನಾಗಿ ಹಿಡಿಯಬೇಕು. ಚೇಂಬರಿನ ಮುಂದೆ, ಗುಂಡು ಕೂರುವ ಜಾಗದಲ್ಲಿ, ಮಸಿಯ ಗಟ್ಟಿ ಉಂಗುರ ಬೆಳೆದಿರಬಹುದು. ಬ್ಯಾರೆಲ್ ಒಳಗೆ ನೋಡುವ ಬೋರ್‌ಸ್ಕೋಪಿನಲ್ಲಿ ಕಪ್ಪು ಪಟ್ಟಿ ಕಾಣುತ್ತದೆ. ಇದರಿಂದ ಕೆಟ್ಟ ಗ್ರೂಪನ್ನು ಸವೆದ ಬ್ಯಾರೆಲ್ ಅಂತ ತಿಳಿದು ಒಳ್ಳೆ ಬ್ಯಾರೆಲ್ ಎಸೆದುಬಿಡುತ್ತಾರೆ. ಮೊದಲು ಬೋರ್ ಗೈಡ್ ಹಾಕಿ, ಒಂದೇ ತುಂಡಿನ ಕೋಟೆಡ್ ರಾಡ್‌ನಿಂದ ಚೇಂಬರ್ ಕಡೆಯಿಂದ ತೊಳೆದು ಆಮೇಲೆ ತೀರ್ಪು ಕೊಡಿ. ಗುಂಡು ಹೊರಬೀಳುವ ತುದಿಯ ಅಂಚಿನ (ಕ್ರೌನ್) ಮೇಲೆ ಗೀರಿದ್ದರೆ ಬೆಲೆ ಇಳಿಸಿ ಕೇಳಿ, ಅದನ್ನು ಗನ್‌ಸ್ಮಿತ್ ಮತ್ತೆ ಕತ್ತರಿಸಬಹುದು.

ಡಯಾಪ್ಟರ್, ಸಿರುಗುಪ್ಪ
ಗುಂಡು ಹಾರಿಸಿ ನೋಡುವಾಗ ಗ್ರೂಪಿನ ಆಕಾರ ಓದಿ. ಮೇಲೆ ಕೆಳಗೆ ಉದ್ದವಾದರೆ ಕಾರಣ ಪಿನ್ನು, ಇಲ್ಲವೇ ತೋಟಾದ ಲಾಟ್ (ಒಟ್ಟಿಗೆ ತಯಾರಾದ ಕಂತು). ಅಡ್ಡಕ್ಕೆ ಹರಡಿದರೆ ಗಾಳಿ, ಇಲ್ಲವೇ ಸ್ಟಾಕಿನಲ್ಲಿ ಕೂತದ್ದು ಸರಿಯಿಲ್ಲ. ಎರಡು ಗುಂಪಾಗಿ ಬಿದ್ದರೆ ತಿರುಪು ಸಡಿಲ, ಸೈಟ್ ಸಡಿಲ. ಆಷಾಢದ ಗಾಳಿ ಬೀಸುವಾಗ ಪರೀಕ್ಷೆಗೆ ಹೋಗಬೇಡಿ, ಅಡ್ಡ ಹರಡಿದ್ದಕ್ಕೆ ಆ್ಯಕ್ಷನ್ ಕಾರಣವೋ ಗಾಳಿ ಕಾರಣವೋ ತಿಳಿಯಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ ಮುಗಿಸಿ.

ತುಂಗಭದ್ರಾ_ಕಾಲುವೆ, ಕೊಪ್ಪಳ
ಕಾಗದಪತ್ರದ ಬಗ್ಗೆ ಒಂದ್ ಮಾತು. 1959ರ ಆಯುಧ ಕಾಯ್ದೆಯಲ್ಲಿ ಆಯುಧದ ಬಿಡಿಭಾಗಗಳೂ ಆಯುಧದ ವ್ಯಾಖ್ಯೆಯೊಳಗೇ ಬರ್ತಾವು. ಬರೀ ಆ್ಯಕ್ಷನ್ ತಾನೇ ಅಂತ ಕೈಯಿಂದ ಕೈಗೆ ತಗೊಳ್ಳೋಹಂಗಿಲ್ರಿ. ಮಾರೋರ ಲೈಸೆನ್ಸು, ಕ್ಲಬ್ಬಿನ ಲೈಸೆನ್ಸು, ಎರಡರಲ್ಲೂ ಸಂಖ್ಯೆ ದಾಖಲಾಗಬೇಕು. ರಿಪೇರಿ, ಮಾರ್ಪಾಟು ಮಾಡೋರಿಗೂ ಅದೇ ಕಾಯ್ದೆಯ 5ನೇ ಕಲಮಿನ ಲೈಸೆನ್ಸ್ ಬೇಕು. ಹಂಗಾಗಿ ಊರಿನ ಯಾವ ವರ್ಕ್‌ಶಾಪಿಗೂ ಬ್ಯಾರೆಲ್ ಒಯ್ಯಬ್ಯಾಡ್ರಿ, ಎಷ್ಟೇ ಒಳ್ಳೆ ಲೇತಿರಲಿ.

ಲೇತ್_ಮನೆ, ತೋರಣಗಲ್ಲು
ಖಂಡಿತ. ಲೇತ್ ಇದ್ದ ಮಾತ್ರಕ್ಕೆ ಕೈ ಹಾಕುವ ಕೆಲಸ ಅಲ್ಲ. ಕ್ಲಬ್ಬಿನಲ್ಲೇ ಮಾಡಬಹುದಾದದ್ದು ಸ್ಟಾಕಿಗೆ ಕೂರಿಸುವುದು. ಅದನ್ನು ಹೀಗೆ ಮಾಡಿ.

ಕೂರುವ ಜಾಗ, ಆ್ಯಕ್ಷನ್ ತಳ ಎರಡನ್ನೂ ಒಣಬಟ್ಟೆಯಿಂದ ಒರೆಸಿ, ಒಂದು ಕಣ ಮರಳಿದ್ದರೂ ಆ್ಯಕ್ಷನ್ ತಿರುಚುತ್ತದೆ. ತಿರುಪು ಎರಡನ್ನೂ ಬೆರಳಿನಿಂದ ಮುಟ್ಟಿಸಿ, ರೈಫಲ್ ಹಿಂಭಾಗದ ಮೇಲೆ ನಿಲ್ಲಿಸಿ ಆ್ಯಕ್ಷನ್ ಹಿಂದಕ್ಕೆ ಕೂರುವಂತೆ ಮಾಡಿ, ಆಮೇಲೆ ಒಂದಾದ ಮೇಲೊಂದು ಸ್ವಲ್ಪಸ್ವಲ್ಪ ಬಿಗಿಯಿರಿ. ಟಾರ್ಕ್ ವ್ರೆಂಚ್ ಇಲ್ಲದೆ ಬೇಡ. ಸ್ಟಾಕಿನ ಕೈಪಿಡಿ ಹೇಳಿದ ಅಳತೆಯೇ ಅಂತಿಮ; ಸಾಮಾನ್ಯವಾಗಿ 4ರಿಂದ 6 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ಈಗ ಡಯಲ್ ಗೇಜಿನ ಕಾಲು ಬ್ಯಾರೆಲ್ ಮೇಲೆ, ಅದರ ತಳ ಸ್ಟಾಕಿನ ತುದಿಗೆ ಇರುವಂತೆ ಕಟ್ಟಿ ಮುಂದಿನ ತಿರುಪು ಮೆಲ್ಲಗೆ ಸಡಿಲಿಸಿ. ಮುಳ್ಳು 0.05 ಮಿ.ಮೀ.ಗಿಂತ ಹೆಚ್ಚು ಓಡಿದರೆ ಆ್ಯಕ್ಷನ್ ಬಾಗಿ ಕೂತಿದೆ ಅಂತ ಅರ್ಥ. ಹಿಂದಿನ ತಿರುಪಿಗೂ ಹೀಗೇ. ಬಾಗಿದ ಆ್ಯಕ್ಷನ್‌ನಲ್ಲಿ ಬೋಲ್ಟ್ ಒಂದು ಕಡೆ ಉಜ್ಜುತ್ತದೆ, ಯಾವ ತೋಟಾ ಹಾಕಿದರೂ ಗ್ರೂಪ್ ಕೂಡುವುದಿಲ್ಲ.

ರಾಯಚೂರು_ಬಿಸಿಲು
ಉಳಿದ ದುಡ್ಡು ತೋಟಾದ ಲಾಟ್ ಪರೀಕ್ಷೆಗೆ ಇಡ್ರಿ. ಎಲಿ ಟೆನೆಕ್ಸ್, ಲಪುವಾ ಎಕ್ಸ್ ಆ್ಯಕ್ಟ್, ಆರ್‌ಡಬ್ಲ್ಯೂಎಸ್ ಆರ್50, ಯಾವುದೇ ಇರ್ಲಿ, ಒಂದೇ ಹೆಸರಿನ ಎರಡು ಲಾಟ್ ಒಂದೇ ಬ್ಯಾರೆಲ್ಲಿನಾಗ ಬ್ಯಾರೆ ಬ್ಯಾರೆ ನಡೀತಾವ. ನಾಲ್ಕೈದು ಲಾಟ್ ತಂದು, ಲಾಟ್ ಬದಲಿಸಿದಾಗ ಹತ್ತಾರು ಗುಂಡು ಬ್ಯಾರೆಲ್ಲಿಗೆ ಹೊಸ ಮೇಣ ಹತ್ತಲಿಕ್ಕೆ ಬಿಟ್ಟು, ಆಮ್ಯಾಲ ಹತ್ತು ಗುಂಡಿನ ನಾಲ್ಕು ಗ್ರೂಪ್ ಹೊಡೀರಿ. ಐದು ಗುಂಡಿನ ಚೆಂದ ಗ್ರೂಪ್ ನೋಡಿ ಮೋಸ ಹೋಗಬ್ಯಾಡ್ರಿ. ಸಿಕ್ಕ ಒಳ್ಳೆ ಲಾಟ್ ಸೀಸನ್ನಿಗೆ ಆಗುವಷ್ಟು ಒಮ್ಮೆಗೇ ತಗೋರಿ.

ಮತ್ತ, ಏಪ್ರಿಲ್ ಮೇ ತಿಂಗಳಾಗ ತೋಟಾದ ಡಬ್ಬಿ ಕಾರಿನಾಗ ಬಿಡಬ್ಯಾಡ್ರಿ. ಮುಚ್ಚಿದ ಕಾರಿನ ಕಾವಿಗೆ ಮೇಣ ಮೆತ್ತಗಾಗಿ ಒಂದು ಕಡೆ ಇಳೀತದ.

ಕೋಟೆಗುಡ್ಡ, ಬಳ್ಳಾರಿ
54ನ್ನೇ ನೋಡಿ ಬರುತ್ತೇವೆ. ಕೊನೆಯದೊಂದು: ಲಾಟ್ ಪರೀಕ್ಷೆಯನ್ನು ಭುಜದಿಂದ ಹೊಡೆದು ಮಾಡಬೇಕೋ, ರೈಫಲನ್ನು ವೈಸಿಗೆ (ಬಿಗಿದು ಹಿಡಿಯುವ ಇಕ್ಕಳ) ಕಟ್ಟಿಯೋ? ಕ್ಲಬ್ಬಿನಲ್ಲಿ ವೈಸ್ ಇಲ್ಲ.

ಐವತ್ತು_ಮೀಟರ್
ವೈಸ್ ಇಲ್ಲದಿದ್ದರೆ ಪ್ರೋನ್‌ನಲ್ಲಿ ನಿಮ್ಮ ಅತ್ಯಂತ ಸ್ಥಿರ ಶೂಟರ್ ಕೈಯಿಂದ, ಮುಂದೆ ಹಿಂದೆ ಮರಳುಚೀಲ ಇಟ್ಟು ಹೊಡೆಸಿ. ಲಾಟುಗಳನ್ನು ಅ, ಆ, ಇ ಅಂತ ಗುರುತು ಹಾಕಿ ಹೆಸರು ಮುಚ್ಚಿಡಿ, ಮತ್ತು ಸರದಿಯನ್ನು ಎರಡನೇ ಸುತ್ತಿನಲ್ಲಿ ತಿರುಗಿಸಿ, ಇಲ್ಲದಿದ್ದರೆ ಕೊನೆಯ ಲಾಟ್ ಯಾವಾಗಲೂ ಬಿಸಿಲಿನ ಅಲೆಗೆ ಮತ್ತು ದಣಿದ ಕಣ್ಣಿಗೆ ಸಿಕ್ಕಿಬೀಳುತ್ತದೆ. ಗ್ರೂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 5.6 ಕಳೆಯಿರಿ, ಮೇಲೆ ಕೆಳಗಿನ ಅಳತೆ ಬೇರೆ, ಅಡ್ಡದ್ದು ಬೇರೆ ಬರೆದಿಡಿ. ಎಲ್ಲ ಲಾಟಿನಲ್ಲೂ ಮೇಲೆ ಕೆಳಗಿನ ಅಳತೆಯೇ ದೊಡ್ಡದಾಗಿ ಬಂದರೆ ತೋಟಾ ಬಿಟ್ಟು ಮತ್ತೆ ಬೋಲ್ಟ್ ಬಿಚ್ಚಿ ಪಿನ್ನು ಸ್ಪ್ರಿಂಗಿಗೇ ಹೋಗಿ.